ಗಿಟಾರಿನಲ್ಲಿ ಹಾರ್ಮೋನಿಕ್ ಕಾರ್ಡುಗಳು: ಮುಟ್ಟಿ ಬಿಡುವ ವಿದ್ಯೆ

ಗಿಟಾರನ್ನು ಕೆಲಕಾಲ ಅಭ್ಯಾಸಮಾಡಿದವರಲ್ಲಿ, 12ನೆಯ ಫ್ರೆಟ್ಟಿನ ಮೇಲೆ ತಂತಿಯನ್ನು ಒತ್ತದೆ ಬೆರಳ ತುದಿಯನ್ನು ಕೇವಲ ಸೋಕಿಸಿ ಮೀಟಿ, ಆಗ ಏಳುವ ನಿರ್ಮಲವಾದ ನಾದವನ್ನು ಕೇಳಿ ಸಂತೋಷಪಡದವರು ವಿರಳ. ಆದರೆ ಆ ಸಂತೋಷವು ಬಹುಮಟ್ಟಿಗೆ ಒಂದು ತಂತಿಗೆ, ಒಂದು ಸ್ವರಕ್ಕೆ ನಿಂತುಬಿಡುತ್ತದೆ. ಹೀಗೆ ದೊರೆಯುವ ಹಾರ್ಮೋನಿಕ್ ಸ್ವರಗಳನ್ನು ಕೂಡಿಸಿ ಕಾರ್ಡೊಂದನ್ನು ನುಡಿಸೋಣವೆಂದು ಹೊರಟವರಿಗೆ ಎರಡು ವಿಘ್ನಗಳು ಎದುರಾಗುತ್ತವೆ: ಮೂರು ತಂತಿಗಳನ್ನು ಒಟ್ಟಿಗೆ ಮೀಟಿದಾಗ ಒಂದು ಮಾತ್ರ ನುಡಿದು ಉಳಿದೆರಡು ಮಂದವಾಗಿ ಸತ್ತುಹೋಗುವುದು ಒಂದು, ಎಷ್ಟು ಹುಡುಕಿದರೂ ತಮಗೆ ಬೇಕಾದ ಸಿ ಮೇಜರ್ ಕಾರ್ಡು ಎಲ್ಲಿಯೂ ಸಿಕ್ಕದಿರುವುದು ಇನ್ನೊಂದು. ಮೊದಲನೆಯದು ಕೈಯ ದೋಷ, ಅದನ್ನು ತಿದ್ದಿಕೊಳ್ಳಬಹುದು. ಎರಡನೆಯದು ತಂತಿಗಳ ಸ್ವಭಾವ. ಅದರೊಡನೆ ಹಟಮಾಡಿ ಪ್ರಯೋಜನವಿಲ್ಲ, ಆ ಸ್ವಭಾವವನ್ನರಿತು ಅದು ಕೊಡುವುದನ್ನು ತೆಗೆದುಕೊಳ್ಳತಕ್ಕದ್ದು. ಕೊಡುವುದೂ ಅಲ್ಪವೇನಲ್ಲ.

ಕಾರಣವನ್ನು ಮೊದಲು ನೋಡೋಣ. ಮೀಟಿದ ತಂತಿ ಇಡಿಯಾಗಿ ಕಂಪಿಸುತ್ತಿರುವಾಗಲೇ ಎರಡು ಪಾಲಾಗಿಯೂ, ಮೂರು ಪಾಲಾಗಿಯೂ, ನಾಲ್ಕೈದಾರು ಪಾಲುಗಳಾಗಿಯೂ ಕಂಪಿಸುತ್ತಿರುತ್ತದೆ. ನಮ್ಮ ಕಿವಿಗೆ ಒಂದೇ ಸ್ವರವಾಗಿ ಕೇಳುವುದು ಈ ಎಲ್ಲ ಕಂಪನಗಳ ಸಮ್ಮಿಲನ. ಫ್ರಾನ್ಸಿನ ವಿದ್ವಾಂಸ ಜೋಸೆಫ್ ಸೊವೂರ್ 1701ರಲ್ಲಿ ಈ ವಿಷಯವನ್ನು ವ್ಯವಸ್ಥಿತವಾಗಿ ನಿರೂಪಿಸಿದನು. ಕರ್ನಾಟಕ ಸಂಗೀತದ ಶಾಸ್ತ್ರದಲ್ಲಿ ಈ ಪಾಲುಗಳ ಕಂಪನದಿಂದ ಏಳುವ ಸ್ವರಗಳಿಗೆ ಸ್ವಯಂಭೂ ಸ್ವರಗಳೆಂದು ಹೆಸರು. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಮಂದ್ರ ತಂತಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರವು ತಾನಾಗಿ ಕೇಳಿಬರುವುದು, ಆ ತಂತಿ ಐದು ಪಾಲಾಗಿ ಕಂಪಿಸುವುದರ ಫಲ. ಪಾಲುಗಳು ಸಂಧಿಸುವ ಕಡೆ ತಂತಿ ಅಲುಗದೆ ನಿಂತಿರುತ್ತದೆ. ಇದಕ್ಕೆ ನಿಸ್ಪಂದ ಬಿಂದುವೆನ್ನುತ್ತಾರೆ. ಅಂತಹ ಬಿಂದುವನ್ನು ಬೆರಳು ಮುಟ್ಟಿದರೆ, ಅಲ್ಲಿ ಅಲುಗಾಟ ಬೇಕಾದ ಕಂಪನಗಳೆಲ್ಲ ಅಡಗಿ, ಅಲುಗಾಟ ಬೇಡದವು ಮಾತ್ರ ಉಳಿಯುತ್ತವೆ.

ಇದರಿಂದ ಹೊರಡುವ ಒಂದು ಫಲಿತಾಂಶವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಅಡಗಿದ ಕಂಪನಗಳು ಬೆರಳನ್ನು ತೆಗೆದಮೇಲೆ ಮರಳಿ ಹುಟ್ಟುವುದಿಲ್ಲ. ಆದುದರಿಂದ ಸಾಮಾನ್ಯ ಕಾರ್ಡಿನಲ್ಲಿ ಸ್ವರ ನಿಲ್ಲುವವರೆಗೂ ಬೆರಳು ಒತ್ತಿಕೊಂಡೇ ಇರಬೇಕಾದರೆ, ಹಾರ್ಮೋನಿಕ್ಕಿನಲ್ಲಿ ಮುಟ್ಟಿದ ಬೆರಳು ಮರುಕ್ಷಣವೇ ಸ್ವತಂತ್ರವಾಗುತ್ತದೆ. ಒಂದು ತಂತಿಯನ್ನು ಒಂದು ಕಡೆ ಮುಟ್ಟಿ ನುಡಿಸಿ, ಅದು ನುಡಿಯುತ್ತಿರುವಂತೆಯೇ ಅದೇ ಬೆರಳನ್ನು ಬೇರೊಂದು ತಂತಿಗೆ, ಐದು ಫ್ರೆಟ್ ದೂರಕ್ಕೆ ಬೇಕಾದರೂ, ಒಯ್ಯಬಹುದು. ಈ ಕಾರ್ಡುಗಳನ್ನು ಹಿಡಿಯುವುದಿಲ್ಲ, ಕೂಡಿಹಾಕುತ್ತೇವೆ.

ಎಲ್ಲಿ ಮುಟ್ಟಬೇಕು?

ಈ ಬರಹದಲ್ಲಿ ಒಂದನೆಯ ತಂತಿಯೆಂದರೆ ಅತ್ಯಂತ ತೆಳುವಾದದ್ದು, ಆರನೆಯದೆಂದರೆ ಅತ್ಯಂತ ದಪ್ಪನೆಯದು. ಶ್ರುತಿ ರೂಢಿಯದು, ದಪ್ಪ ತಂತಿಯಿಂದ ಮೊದಲಾಗಿ ಇ, ಎ, ಡಿ, ಜಿ, ಬಿ, ಇ. ತೆರೆದ ತಂತಿಯ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ, 12ನೆಯ ಫ್ರೆಟ್ಟಿನಲ್ಲಿ ಮುಟ್ಟಿದಾಗ ಒಂದು ಸ್ಥಾಯಿ ಮೇಲಿನ ಷಡ್ಜ, 7ರಲ್ಲಿ ಅದಕ್ಕೂ ಮೇಲಿನ ಪಂಚಮ, 5ರಲ್ಲಿ ಎರಡು ಸ್ಥಾಯಿ ಮೇಲಿನ ಷಡ್ಜ, 9ರ ಅಥವಾ 4ರ ಸಮೀಪದಲ್ಲಿ ಅದರ ಮೇಲಿನ ಅಂತರ ಗಾಂಧಾರ ದೊರೆಯುತ್ತವೆ.

ಸಮೀಪದಲ್ಲಿ ಎಂದದ್ದು ಸುಮ್ಮನೆ ಅಲ್ಲ. ಕ್ಲಾಸಿಕಲ್ ಗಿಟಾರಿನಲ್ಲಿ ನಟ್ಟಿನಿಂದ ಬ್ರಿಡ್ಜಿನವರೆಗೆ ತಂತಿಯ ಉದ್ದ ಸಾಮಾನ್ಯವಾಗಿ 650 ಮಿಲಿಮೀಟರು. 12ನೆಯ ಫ್ರೆಟ್ಟಿನ ಸರಳು ಸರಿಯಾಗಿ ಅರ್ಧದಲ್ಲಿದೆ. 7 ಮತ್ತು 5ರಲ್ಲಿ ಸರಳಿಗೂ ನಿಸ್ಪಂದ ಬಿಂದುವಿಗೂ ಇರುವ ಅಂತರ ಒಂದು ಮಿಲಿಮೀಟರಿಗಿಂತ ಕಡಿಮೆ, ಅದನ್ನು ಮರೆತರೂ ಬಾಧಕವಿಲ್ಲ. ಆದರೆ ಉದ್ದದ ಐದರಲ್ಲೊಂದು ಪಾಲು 130 ಮಿಲಿಮೀಟರಿಗೆ ಬರುತ್ತದೆ, 4ನೆಯ ಫ್ರೆಟ್ಟಿನ ಸರಳಾದರೋ 134ರಲ್ಲಿದೆ; ಐದರಲ್ಲೆರಡು ಪಾಲು 260ಕ್ಕೆ ಬರುತ್ತದೆ, 9ನೆಯ ಸರಳು ಸುಮಾರು 263.5ರಲ್ಲಿದೆ. ಅಂದರೆ ಈ ಎರಡು ಕಡೆಯೂ ಬೆರಳು ಸರಳಿನಿಂದ ನಾಲ್ಕು ಮಿಲಿಮೀಟರಿನಷ್ಟು ನಟ್ಟಿನ ಕಡೆಗೆ ಸರಿದಿರಬೇಕು. 12ರಲ್ಲಿ ಸುಲಭವಾಗಿ ನುಡಿದ ಕೈ 4ರಲ್ಲಿ ಸೋಲುವುದಕ್ಕೆ ಬಹುತೇಕ ಇದೊಂದೇ ಕಾರಣ. ಎರಡರಲ್ಲಿ 9ರ ಸ್ಥಾನವೇ ಅಭ್ಯಾಸಿಗೆ ಹೆಚ್ಚು ಅನುಕೂಲ.

ಮೀಟುವ ಕ್ರಮ

1. ಎಡಗೈಯ ಒಂದು ಬೆರಳನ್ನು, ಉಂಗುರದ ಬೆರಳಾದರೆ ಒಳ್ಳೆಯದು, ನೇರವಾಗಿ ಚಾಚಿ 12ನೆಯ ಫ್ರೆಟ್ಟಿನ ಸರಳಿಗೆ ಸಮಾನಾಂತರವಾಗಿ, ಸರಳಿನ ನೆತ್ತಿಯ ಮೇಲೆಯೇ, ನಾಲ್ಕು, ಮೂರು, ಎರಡನೆಯ ತಂತಿಗಳ ಮೇಲೆ ಇರಿಸಿರಿ. ತಂತಿ ಒಂದಿಷ್ಟೂ ಬಾಗಬಾರದು. ಕಾದ ಬಾಣಲೆಯ ಅಂಚನ್ನು ಮುಟ್ಟಿ ನೋಡುವ ಬೆರಳಿಗೆ ಎಷ್ಟು ಭಾರವಿರುವುದೋ ಅಷ್ಟೇ ಸಾಕು.

2. ಬಲಗೈಯನ್ನು ಬ್ರಿಡ್ಜಿನ ಕಡೆಗೆ ಸರಿಸಿ, ಅದರಿಂದ ಆರೇಳು ಸೆಂಟಿಮೀಟರು ದೂರದಲ್ಲಿ ತೋರು, ನಡು, ಉಂಗುರದ ಬೆರಳುಗಳಿಂದ ಮೂರು ತಂತಿಗಳನ್ನೂ ಏಕಕಾಲದಲ್ಲಿ ಮೀಟಿರಿ. ಪಿಕ್ ಹಿಡಿದು ನುಡಿಸುವವರು ಸೆಳೆತವನ್ನು ಚುರುಕಾಗಿಯೂ ಚಿಕ್ಕದಾಗಿಯೂ ಇಟ್ಟುಕೊಳ್ಳಲಿ.

3. ಮೀಟಿದ ಕೂಡಲೇ ಎಡಗೈ ಬೆರಳನ್ನು ನೇರವಾಗಿ ಮೇಲಕ್ಕೆ ಎತ್ತಿರಿ. ಪಕ್ಕಕ್ಕೆ ಎಳೆದರೆ ತಂತಿ ಉಜ್ಜಿದ ಸದ್ದು ಬರುತ್ತದೆ.

4. ಮೂರರಲ್ಲಿ ಯಾವುದು ನುಡಿಯಲಿಲ್ಲವೆಂಬುದನ್ನು ಒಂದೊಂದಾಗಿ ಮೀಟಿ ಕಂಡುಹಿಡಿಯಿರಿ. ಸಾಮಾನ್ಯವಾಗಿ ಬೆರಳು ಓರೆಯಾಗಿರುತ್ತದೆ, ಇಲ್ಲವೆ ಗೆಣ್ಣಿನ ಮಡಿಕೆಯೊಳಗೆ ನಡುವಣ ತಂತಿ ಸಿಕ್ಕಿ ಸ್ಪರ್ಶವೇ ತಪ್ಪಿರುತ್ತದೆ. ಬೆರಳನ್ನು ಅದರ ಉದ್ದಕ್ಕೆ ಸ್ವಲ್ಪ ಹಿಂದೆಮುಂದೆ ಮಾಡಿದರೆ ಸರಿಹೋಗುವುದು.

ಮೂರೂ ನುಡಿದವೆಂದರೆ ನೀವು ಜಿ ಮೇಜರ್ ನುಡಿಸಿದ್ದೀರಿ.

ಬ್ರಿಡ್ಜಿನ ಹತ್ತಿರ ಮೀಟಬೇಕೆಂಬುದಕ್ಕೂ ಕಾರಣವಿದೆ. ಯಾವ ಕಂಪನದ ನಿಸ್ಪಂದ ಬಿಂದುವಿನಲ್ಲಿ ಮೀಟುತ್ತೇವೋ ಆ ಕಂಪನ ಹುಟ್ಟುವುದೇ ಇಲ್ಲ. 5ನೆಯ ಫ್ರೆಟ್ಟಿನ ಹಾರ್ಮೋನಿಕ್ ತಂತಿಯ ನಾಲ್ಕು ಪಾಲಿನ ಕಂಪನ. ಅದರ ನಿಸ್ಪಂದ ಬಿಂದುಗಳಲ್ಲೊಂದು ಬ್ರಿಡ್ಜಿನಿಂದ 162 ಮಿಲಿಮೀಟರಿನ ಆಸುಪಾಸಿನಲ್ಲಿ, ಅಂದರೆ ನಮ್ಮ ಬಲಗೈ ಅಭ್ಯಾಸಬಲದಿಂದ ಹೋಗಿ ನಿಲ್ಲುವ ನಾದರಂಧ್ರದ ಮೇಲೆಯೇ, ಇದೆ. ಎಡಗೈ ಎಷ್ಟು ನಿಷ್ಕೃಷ್ಟವಾಗಿ ಮುಟ್ಟಿದ್ದರೂ ಅಲ್ಲಿ ಮೀಟಿದರೆ ಸ್ವರ ಏಳದು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಇದೇ ನ್ಯಾಯ ಪಿಕಪ್ಪಿಗೂ ಅನ್ವಯಿಸುತ್ತದೆ: ಸ್ಟ್ರಾಟೊಕಾಸ್ಟರ್ ಮಾದರಿಯ ವಾದ್ಯಗಳಲ್ಲಿ ಕತ್ತಿನ ಕಡೆಯ ಪಿಕಪ್ ಹೆಚ್ಚುಕಡಮೆ ಇದೇ ಬಿಂದುವಿನ ಕೆಳಗಿರುವುದರಿಂದ 5ರ ಹಾರ್ಮೋನಿಕ್ಕುಗಳು ಅದಕ್ಕೆ ಕೇಳಿಸುವುದೇ ಕಷ್ಟ, ಬ್ರಿಡ್ಜಿನ ಕಡೆಯ ಪಿಕಪ್ಪಿಗೆ ಬದಲಿಸಿಕೊಳ್ಳಬೇಕು.

ಒಂದೇ ಬೆರಳಿಗೆ ದೊರೆಯುವ ಕಾರ್ಡುಗಳು

12ನೆಯ ಫ್ರೆಟ್ಟಿನಲ್ಲಿ ನಾಲ್ಕು, ಮೂರು, ಎರಡನೆಯ ತಂತಿಗಳು ಡಿ, ಜಿ, ಬಿ ಸ್ವರಗಳನ್ನು ಕೊಟ್ಟು ಜಿ ಮೇಜರ್ ಆಗುವುದನ್ನು ಕಂಡೆವು. ಅಲ್ಲಿಯೇ ಮೂರು, ಎರಡು, ಒಂದನೆಯ ತಂತಿಗಳನ್ನು ಆರಿಸಿದರೆ ಜಿ, ಬಿ, ಇ, ಅಂದರೆ ಇ ಮೈನರ್. ನಾಲ್ಕನ್ನೂ ಕೂಡಿಸಿದರೆ ಇ ಮೈನರ್ ಸೆವೆನ್ತ್ ಎನ್ನಬಹುದು, ಜಿ ಸಿಕ್ಸ್ತ್ ಎಂದರೂ ತಪ್ಪಲ್ಲ. ಕೆಳಗೆ ನುಡಿಯುವ ಬಾಸ್ ಸ್ವರವು ಯಾವುದೆಂದು ನಿರ್ಣಯಿಸುತ್ತದೆ. 5ರಲ್ಲಿ ಇವೇ ಕಾರ್ಡುಗಳು ಒಂದು ಸ್ಥಾಯಿ ಮೇಲೆ ದೊರೆಯುತ್ತವೆ. 7ಕ್ಕೆ ಬಂದರೆ ನಾಲ್ಕು, ಮೂರು, ಎರಡನೆಯ ತಂತಿಗಳಲ್ಲಿ ಎ, ಡಿ, ಎಫ್ ಶಾರ್ಪ್ ಸೇರಿ ಡಿ ಮೇಜರ್. ಮೂರು, ಎರಡು, ಒಂದರಲ್ಲಿ ಡಿ, ಎಫ್ ಶಾರ್ಪ್, ಬಿ ಸೇರಿ ಬಿ ಮೈನರ್. 9ರ ಬಿಂದುವಿನಲ್ಲಿ ನಾಲ್ಕು, ಮೂರು, ಎರಡನೆಯವು ಬಿ ಮೇಜರನ್ನು ಕೊಡುತ್ತವೆ.

ಜಿ, ಡಿ, ಇ ಮೈನರ್, ಬಿ ಮೈನರ್: ಈ ನಾಲ್ಕರಿಂದಲೇ ಒಂದು ಚಿಕ್ಕ ಗೀತೆಗೆ ಪೀಠಿಕೆಯನ್ನೋ ಮಂಗಳವನ್ನೋ ಕಟ್ಟಬಹುದು, ಎಡಗೈ 12 ಮತ್ತು 7ರ ನಡುವೆ ಓಡಾಡಿದರಾಯಿತು. ಯೆಸ್ ತಂಡದ 1971ರ ‘ರೌಂಡ್‌ಅಬೌಟ್’ ಗೀತೆಯ ಆರಂಭದಲ್ಲಿ ಸ್ಟೀವ್ ಹೌ ನುಡಿಸಿರುವ 12ನೆಯ ಫ್ರೆಟ್ಟಿನ ಹಾರ್ಮೋನಿಕ್ಕುಗಳನ್ನು ಕೇಳಿದವರಿಗೆ, ಇಷ್ಟು ಸ್ವಲ್ಪ ಸಾಮಗ್ರಿಯಿಂದ ಎಷ್ಟು ಸಾಧ್ಯವೆಂಬುದು ತಿಳಿದೇ ಇದೆ.

ಈ ಕಾರ್ಡುಗಳೆಲ್ಲ ತಾರದಲ್ಲಿ ತೇಲುವಂಥವು. ಕೆಳಗೆ ನೆಲೆಯಿಲ್ಲದಿದ್ದರೆ ಕೇಳುವವನಿಗೆ ಕಾರ್ಡಿನ ಗುರುತು ಹತ್ತುವುದು ಕಷ್ಟ. ಆದುದರಿಂದ ತೆರೆದ ಮಂದ್ರ ತಂತಿಗಳನ್ನು ಧಾರಾಳವಾಗಿ ಬಳಸಿರಿ. ಹೆಬ್ಬೆರಳಿನಿಂದ ಆರನೆಯ ತಂತಿಯನ್ನು ಹಾಗೆಯೇ ಮೀಟಿ, ಅದರ ಮೇಲೆ 12ರ ಇ ಮೈನರನ್ನು ಇರಿಸಿದರೆ ಕಾರ್ಡು ಸಂಪೂರ್ಣವಾಗುತ್ತದೆ. ಅದೇ ಮಂದ್ರ ಇ ಮೇಲೆ 7ರ ನಾಲ್ಕು ತಂತಿಗಳನ್ನು ನುಡಿಸಿದರೆ, ನಿಲುಗಡೆಗೆ ಬಾರದೆ ತೂಗಾಡುವ ಒಂದು ವಿಚಿತ್ರ ವರ್ಣ ಹುಟ್ಟುತ್ತದೆ; ನನ್ನ ಅಭಿಪ್ರಾಯದಲ್ಲಿ ಇಡೀ ವಾದ್ಯದಲ್ಲಿ ಅದಕ್ಕಿಂತ ಸುಂದರವಾದ ಸಮೂಹಧ್ವನಿ ಇಷ್ಟು ಅಗ್ಗವಾಗಿ ದೊರೆಯದು. ಚಾಚಿದ ಬೆರಳು ಬಾಸ್ ತಂತಿಯನ್ನು ಸೋಕದಂತೆ ಮಾತ್ರ ಎಚ್ಚರವಿರಲಿ.

ಕೂಡಿಹಾಕುವ ಕಾರ್ಡುಗಳು

ಇನ್ನು ಒಂದೇ ಬೆರಳಿಗೆ ಒಗ್ಗದ ಕಾರ್ಡುಗಳು. ಎ ಮೇಜರನ್ನು ತೆಗೆದುಕೊಳ್ಳಿರಿ. ಅದಕ್ಕೆ ಬೇಕಾದ ಇ ಒಂದನೆಯ ತಂತಿಯ 12ರಲ್ಲಿಯೂ, ಎ ನಾಲ್ಕನೆಯ ತಂತಿಯ 7ರಲ್ಲಿಯೂ, ಸಿ ಶಾರ್ಪ್ ಐದನೆಯ ತಂತಿಯ 9ರ ಬಿಂದುವಿನಲ್ಲಿಯೂ ಇವೆ. ಇವನ್ನು ಒಟ್ಟಿಗೆ ಮುಟ್ಟಬೇಕಾದರೆ ಬೆರಳುಗಳನ್ನು ಹನ್ನೊಂದು ಸೆಂಟಿಮೀಟರಿನಷ್ಟು ಅಗಲಿಸಬೇಕು. ಹಾಗೆ ಪ್ರಯತ್ನಿಸಿ ಕೈಸೋತು ಈ ವಿದ್ಯೆಯನ್ನೇ ಬಿಟ್ಟವರು ಬಹುಮಂದಿ. ಬೇಕಾಗಿಲ್ಲದ ಕಷ್ಟ! 12ರಲ್ಲಿ ಮುಟ್ಟಿ ಮೀಟಿ ಬಿಡಿರಿ, 7ಕ್ಕೆ ಬಂದು ಮುಟ್ಟಿ ಮೀಟಿ ಬಿಡಿರಿ, ಕೊನೆಗೆ 9ಕ್ಕೆ. ಮೂರೂ ಸ್ವರಗಳು ಒಂದರ ಮೇಲೊಂದು ನಿಂತು, ಕೇಳುವವನಿಗೆ ಬಿಡಿಸಿ ನುಡಿಸಿದ ಕಾರ್ಡೇ ಆಗುತ್ತದೆ. 9ರ ಸ್ವರ ಮೂರರಲ್ಲಿ ದುರ್ಬಲವಾದದ್ದರಿಂದ ಅದನ್ನು ಕೊನೆಗಿಟ್ಟು ಸ್ವಲ್ಪ ಬಲವಾಗಿ ಮೀಟಬೇಕು. ಇದೇ ರೀತಿ ಇ ಮೇಜರಿಗೆ ಐದನೆಯ ತಂತಿಯ 7ರಲ್ಲಿ ಇ, ಎರಡನೆಯ ತಂತಿಯ 12ರಲ್ಲಿ ಬಿ, ಆರನೆಯ ತಂತಿಯ 9ರಲ್ಲಿ ಜಿ ಶಾರ್ಪ್. ಜಿ ಮೇಜರ್ ಸೆವೆನ್ತ್ ಇನ್ನೂ ಸುಲಭ: 12ರಲ್ಲಿ ನಾಲ್ಕು ಮತ್ತು ಮೂರನೆಯ ತಂತಿ, ಬಳಿಕ 7ರಲ್ಲಿ ಎರಡು ಮತ್ತು ಒಂದನೆಯ ತಂತಿ.

ಜಾಕೋ ಪಾಸ್ಟೋರಿಯಸ್ 1976ರಲ್ಲಿ ಹೊರತಂದ ‘ಪೋರ್ಟ್ರೇಟ್ ಆಫ್ ಟ್ರೇಸಿ’ ಎಂಬ ರಚನೆಯಲ್ಲಿ ನಾಲ್ಕು ತಂತಿಯ ಬಾಸ್ ಗಿಟಾರೊಂದರಿಂದಲೇ ಹಾರ್ಮೋನಿಕ್ ಕಾರ್ಡುಗಳನ್ನು ಹೊರಡಿಸಿದ್ದಾನೆ. ಅದನ್ನು ಗಮನವಿಟ್ಟು ಆಲಿಸಿರಿ; ಸ್ವರಗಳನ್ನು ಹೇಗೆ ನುಡಿಯಬಿಟ್ಟು ಕೂಡಿಸುತ್ತಾನೆಂಬುದು ಯಾವ ಪುಸ್ತಕದ ವಿವರಣೆಗಿಂತಲೂ ಸ್ಪಷ್ಟವಾಗಿ ಮನದಟ್ಟಾಗುವುದು.

ಕಾರ್ಡಿನಿಂದ ಕಾರ್ಡಿಗೆ

ಬದಲಾವಣೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. 12ರಲ್ಲಿ ಜಿ ನುಡಿಯುತ್ತಿರುವಾಗ ಅವೇ ತಂತಿಗಳನ್ನು 7ರಲ್ಲಿ ಮುಟ್ಟಿದರೆ ಹಳೆಯ ಸ್ವರಗಳು ತತ್‌ಕ್ಷಣ ಅಡಗುತ್ತವೆ, ನಡುವೆ ಒಂದು ಶೂನ್ಯ ಕೇಳಿಬರುತ್ತದೆ. ಇದನ್ನು ತಪ್ಪಿಸುವ ಉಪಾಯ, ಎರಡು ಕಾರ್ಡುಗಳಿಗೂ ಸಮಾನವಾದ ಸ್ವರವನ್ನು ಮುಟ್ಟದೆ ಬಿಡುವುದು. ಜಿಯಲ್ಲಿಯೂ ಡಿಯಲ್ಲಿಯೂ ಡಿ ಸ್ವರವಿದೆ; ಅದು ನಾಲ್ಕನೆಯ ತಂತಿಯಲ್ಲಿ ನುಡಿಯುತ್ತಲೇ ಇರಲಿ. ಅದರ ಸುತ್ತ ಐದನೆಯ ತಂತಿಯ 5ರಲ್ಲಿ ಎ, ಮೂರು ಮತ್ತು ಎರಡನೆಯ ತಂತಿಗಳ 7ರಲ್ಲಿ ಡಿ ಮತ್ತು ಎಫ್ ಶಾರ್ಪ್ ಸೇರಿಸಿದರೆ, ನಾಲ್ಕು ಸ್ವರಗಳ ತುಂಬು ಡಿ ಮೇಜರ್ ಹಳೆಯ ಕಾರ್ಡಿನೊಳಗಿನಿಂದಲೇ ಬೆಳೆದು ಬಂದಂತೆ ಕೇಳುತ್ತದೆ. ಜಿಯಿಂದ ಇ ಮೈನರಿಗಾದರೋ ಒಂದನೆಯ ತಂತಿಯನ್ನು ಸೇರಿಸಿ ನಾಲ್ಕನೆಯದನ್ನು ತಡೆದರೆ ಸಾಕು. 5ರಿಂದ 12ಕ್ಕೆ ಇಳಿಯುವಾಗ ಮಾತ್ರ ಯಾವ ಉಪಾಯವೂ ಬೇಡ: ತಂತಿಯ ಅರ್ಧವು ನಾಲ್ಕು ಪಾಲಿನ ಕಂಪನಕ್ಕೂ ನಿಸ್ಪಂದ ಬಿಂದುವೇ ಆದ್ದರಿಂದ, ಅಲ್ಲಿ ಮುಟ್ಟಿದರೂ ಮೇಲಿನ ಸ್ವರ ನುಡಿಯುತ್ತಲೇ ಇರುತ್ತದೆ. ಮೇಲೇರುವಾಗ ಈ ಸೌಲಭ್ಯವಿಲ್ಲ.

ನುಡಿಯಬೇಕಾದದ್ದನ್ನು ನುಡಿಸುವಷ್ಟೇ ಮುಖ್ಯವಾದದ್ದು, ಸಾಕೆನಿಸಿದ್ದನ್ನು ನಿಲ್ಲಿಸುವುದು. ಬಲಗೈಯ ಬಿಡುವಿನ ಬೆರಳುಗಳನ್ನು ಈ ಕೆಲಸಕ್ಕೆ ಇಟ್ಟುಕೊಳ್ಳಿರಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಸ್ವರ ಒತ್ತುವಾಗಿನ ಅಭ್ಯಾಸದಂತೆ ಎರಡು ಸರಳುಗಳ ನಡುವಣ ಜಾಗದಲ್ಲಿ ಮುಟ್ಟುವುದು. 12, 7, 5ರಲ್ಲಿ ಬೆರಳು ಸರಳಿನ ಮೇಲೆಯೇ ಇರತಕ್ಕದ್ದು.

2. ಬೆರಳನ್ನು ಮೀಟುವ ಮೊದಲೇ ಎತ್ತಿದರೆ ತೆರೆದ ತಂತಿ ನುಡಿಯುತ್ತದೆ. ಬಹಳ ತಡೆದು ಎತ್ತಿದರೆ ನಾದ ಮಂಕಾಗುತ್ತದೆ. ಆತುರಗಾರರು ಮೊದಲನೆಯದನ್ನೂ ಅಂಜುಬುರುಕರು ಎರಡನೆಯದನ್ನೂ ಮಾಡುತ್ತಾರೆ.

3. ಹಳೆಯ ತಂತಿಗಳನ್ನಿಟ್ಟುಕೊಂಡು ಕೈಯನ್ನು ದೂರುವುದು. ಬೆವರು, ಕೊಳೆ, ಸವೆತಗಳಿಂದ ತಂತಿಯ ತೂಕ ಎಲ್ಲೆಡೆಯೂ ಸಮವಾಗಿ ಉಳಿಯದು. ಸ್ವಯಂಭೂ ಸ್ವರಗಳು ಮೊದಲು ಕೆಡುವುದೇ ಆಗ.

4. ಕ್ಯಾಪೊ ಹಾಕಿದ್ದರೂ 12ನ್ನೇ ಹುಡುಕುವುದು. ಕ್ಯಾಪೊ 2ರಲ್ಲಿದ್ದರೆ ಬಿಂದುಗಳು 14, 9, 7ಕ್ಕೆ ಸರಿದಿರುತ್ತವೆ.

ಶ್ರುತಿಯ ವಿಷಯದಲ್ಲಿ ಎಚ್ಚರಿಕೆ

ತಂತಿಗಳ ಶ್ರುತಿ ಸ್ವಲ್ಪ ತಪ್ಪಿದ್ದರೂ ಈ ಕಾರ್ಡುಗಳಲ್ಲಿ ಅದು ಎದ್ದು ಕೇಳುತ್ತದೆ, ಏಕೆಂದರೆ ಬೆರಳಿನ ಒತ್ತಡದಿಂದ ಸರಿದೂಗಿಸುವ ಅವಕಾಶವಿಲ್ಲ. 5 ಮತ್ತು 7ರ ಹಾರ್ಮೋನಿಕ್ಕುಗಳನ್ನು ಹೋಲಿಸಿ ಪಕ್ಕದ ತಂತಿಯನ್ನು ಕೂಡಿಸುವ ರೂಢಿ ಬಹಳ ಹಳೆಯದು. ಆದರೆ ಫ್ರೆಟ್ಟುಗಳು ಸಮವಿಭಾಗದ ಶ್ರುತಿಯನ್ನು ಅನುಸರಿಸುವುದರಿಂದ, ಶುದ್ಧ ಪಂಚಮವನ್ನು ಕೊಡುವ 7ರ ಹಾರ್ಮೋನಿಕ್ ಅದಕ್ಕಿಂತ ಸುಮಾರು 2 ಸೆಂಟ್ ಮೇಲಿರುತ್ತದೆ. ಅರ್ಧ ಸ್ವರವನ್ನು ನೂರಾಗಿ ಹಂಚಿದರೆ ಬರುವ ಒಂದು ಪಾಲೇ ಸೆಂಟ್. ಒಂದು ತಂತಿಗೆ ಇದು ಲೆಕ್ಕಕ್ಕಿಲ್ಲವಾದರೂ ತಂತಿಯಿಂದ ತಂತಿಗೆ ಒಟ್ಟುಗೂಡುತ್ತದೆ. ಟ್ಯೂನರಿನ ಸಹಾಯದಿಂದ ಪ್ರತಿಯೊಂದು ತೆರೆದ ತಂತಿಯನ್ನೂ ಬೇರೆಬೇರೆಯಾಗಿ ಕೂಡಿಸುವುದೇ ಲೇಸು.

9ರ ಸ್ವರಗಳ ಕಥೆ ಇನ್ನೂ ಸ್ವಾರಸ್ಯವಾದದ್ದು. ಅವು ಫ್ರೆಟ್ಟಿನ ಸ್ವರಗಳಿಗಿಂತ ಸುಮಾರು 14 ಸೆಂಟ್ ಇಳಿದಿರುತ್ತವೆ. ಹಿಂದೆ ಹೇಳಿದ ಎ ಮೇಜರಿನಲ್ಲಿ ಈ ಇಳಿತ ಗುಣವೇ ಆಗಿ ಪರಿಣಮಿಸುತ್ತದೆ: ಸಿ ಶಾರ್ಪ್ ಮಾತ್ರ ಇಳಿದು ಶುದ್ಧ ಶ್ರುತಿಯ ಅಂತರ ಗಾಂಧಾರದ ಸಮೀಪಕ್ಕೆ ಬರುವುದರಿಂದ ಕಾರ್ಡು ಅಲೆಯಿಲ್ಲದೆ ನಿಲ್ಲುತ್ತದೆ, ಪಿಯಾನೋದಲ್ಲಿ ಆ ಮಾಧುರ್ಯ ಸಿಕ್ಕದು. ಆದರೆ ಒಂದೇ ಬೆರಳಿನ ಬಿ ಮೇಜರಿನಲ್ಲಿ ಮೂರು ಸ್ವರಗಳೂ ಒಟ್ಟಿಗೆ ಇಳಿದಿರುತ್ತವೆ. ಒಂಟಿಯಾಗಿ ನುಡಿಸಿದರೆ ದೋಷ ತಿಳಿಯದು, ಪಕ್ಕದಲ್ಲಿ ಕೀಬೋರ್ಡೋ ಇನ್ನೊಂದು ಗಿಟಾರೋ ಇದ್ದರೆ ಅಪಶ್ರುತಿ ಎಲ್ಲರಿಗೂ ಕೇಳುತ್ತದೆ. ಮೇಳದಲ್ಲಿ ಅದನ್ನು ಬಳಸಬೇಡಿರಿ.

ಸಿ ಮೇಜರ್ ಬೇಕಾದಾಗ

ತೆರೆದ ಐದು ಸ್ವರಗಳ ಷಡ್ಜ, ಪಂಚಮ, ಗಾಂಧಾರಗಳಲ್ಲಿ ಎಲ್ಲಿಯೂ ಸಿ ಆಗಲಿ ಎಫ್ ಆಗಲಿ ಬಾರದು. ಆದುದರಿಂದಲೇ ಸಿ, ಎಫ್, ಎ ಮೈನರ್ ಕಾರ್ಡುಗಳು ರೂಢಿಯ ಶ್ರುತಿಯಲ್ಲಿ ಇಲ್ಲ. ಹಾಡು ಸಿಯಲ್ಲಿಯೇ ಇರಬೇಕಾದರೆ ಕ್ಯಾಪೊವನ್ನು 5ರಲ್ಲಿ ಹಾಕಿರಿ. ಆಗ ಜಿ ಇದ್ದದ್ದು ಸಿ ಆಗಿ, ಡಿ ಜಿಯಾಗಿ, ಇ ಮೈನರ್ ಎ ಮೈನರಾಗಿ, ಬಿ ಮೈನರ್ ಇ ಮೈನರಾಗಿ ಬದಲಾಗುತ್ತವೆ. 12ರ ಬಿಂದು 17ಕ್ಕೆ ಹೋಗಿ ಕ್ಲಾಸಿಕಲ್ ಗಿಟಾರಿನಲ್ಲಿ ಕೈಗೆ ತೊಡಕಾಗುವುದರಿಂದ, ಅದರ ಬದಲು 10ರಲ್ಲಿ ಒಂದು ಸ್ಥಾಯಿ ಮೇಲಿನ ಕಾರ್ಡನ್ನೂ, 12ರಲ್ಲಿ ಜಿಯನ್ನೂ ತೆಗೆದುಕೊಳ್ಳಬಹುದು.

ತಂತಿಗಳನ್ನೇ ಬೇರೆ ಬಗೆಯಲ್ಲಿ ಕೂಡಿಸುವುದು ಎರಡನೆಯ ಮಾರ್ಗ. ಆರು, ಐದು, ಒಂದನೆಯ ತಂತಿಗಳನ್ನು ಒಂದೊಂದು ಸ್ವರ ಇಳಿಸಿ ಡಿ, ಜಿ, ಡಿ, ಜಿ, ಬಿ, ಡಿ ಮಾಡಿಕೊಂಡರೆ, 12 ಮತ್ತು 5ರಲ್ಲಿ ಆರು ತಂತಿಗಳ ಜಿ ಮೇಜರೂ 7ರಲ್ಲಿ ಆರು ತಂತಿಗಳ ಡಿ ಮೇಜರೂ ಒಂದೇ ಬೆರಳಿಗೆ ಬರುತ್ತವೆ. ಇಲ್ಲಿ ತಂತಿಗಳನ್ನು ಇಳಿಸುವುದೇ ಹೊರತು ಏರಿಸುವುದಿಲ್ಲವಾಗಿ ಹರಿದುಹೋಗುವ ಭಯವಿಲ್ಲ.

ಇವೆರಡೂ ಬೇಡವೆಂದರೆ ಕೃತಕ ಹಾರ್ಮೋನಿಕ್ ಉಳಿಯುತ್ತದೆ. ಎಡಗೈಯಲ್ಲಿ ಸಿ ಮೇಜರನ್ನು ಎಂದಿನಂತೆ ಹಿಡಿದು, ಬಲಗೈಯ ತೋರುಬೆರಳಿನಿಂದ ಪ್ರತಿ ತಂತಿಯನ್ನೂ ಹಿಡಿದ ಸ್ಥಾನಕ್ಕಿಂತ 12 ಫ್ರೆಟ್ ಮೇಲೆ ಮುಟ್ಟುತ್ತ, ಅದೇ ಕೈಯ ಹೆಬ್ಬೆರಳಿನಿಂದಲೋ ಉಂಗುರದ ಬೆರಳಿನಿಂದಲೋ ಮೀಟುವುದು ಇದರ ಕ್ರಮ: ಐದನೆಯ ತಂತಿಯನ್ನು 15ರಲ್ಲಿ, ನಾಲ್ಕನೆಯದನ್ನು 14ರಲ್ಲಿ, ಮೂರನೆಯದನ್ನು 12ರಲ್ಲಿ, ಎರಡನೆಯದನ್ನು 13ರಲ್ಲಿ, ಒಂದನೆಯದನ್ನು ಮತ್ತೆ 12ರಲ್ಲಿ. ಇದರಲ್ಲಿ ಎಡಗೈ ಮಾತ್ರ ಒತ್ತಿದ ಬೆರಳುಗಳನ್ನು ಕಾರ್ಡು ಮುಗಿಯುವವರೆಗೂ ಎತ್ತಕೂಡದು.